ಹತ್ತು ಅಂಗಿ, ಒಂದು ಬೆಡ್‌ಶೀಟ್

"ಈ ಫೋಟೋದಾಗಿರೋನು ನನ್ನ ಮಗನೇ," ಅಂದರು ಮುನಿನಾರಾಯಣಮ್ಮ. "ಆದ್ರೆ ನೆನ್ನೆ ಅವ್ನು ಇಂಗಿರಾಕೆ ಸಾಧ್ಯಾನೇ ಇಲ್ಲ."

ಯಲಹಂಕ ನ್ಯೂಟೌನಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಹತ್ತು ಫೋಟೋ ಹರಡಿದ್ದೆ. ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ಹಾಕಿಸಿ ತಂದವು. ಹತ್ತರಲ್ಲೂ ಸುರೇಶ, ಹತ್ತರಲ್ಲೂ ಬೇರೆ ಬೇರೆ ಅಂಗಿ. ಆಕೆಯ ಬೆರಳು ಕೊನೆಯದರ ಮೇಲೆ ನಿಂತಿತ್ತು. ಅದರಲ್ಲಿ ಸುರೇಶ ಹಳದಿ ಅಂಗಿ ತೊಟ್ಟು, ಮಸಾಲೆ ಮೆತ್ತಿ ಹುರಿದ ಮೀನನ್ನು ನಗುತ್ತಾ ಬಾಯಿಗಿಡುತ್ತಿದ್ದ. ಕೆಳಗೊಂದು ಸಾಲು: 'ಇಂದಿನ ಬೆಳಗು, ಇಂದಿನ ಮೀನು. ಕುದ್ರು ಮನೆ ನಿಮಗಾಗಿ ಕಾಯುತ್ತಿದೆ.'

ಸುರೇಶ ಕರಾವಳಿಯಲ್ಲಿ ನಡೆಸುವ ಆ ಗೆಸ್ಟ್‌ಹೌಸಿನ ಫೇಸ್‌ಬುಕ್ ಪುಟಕ್ಕೆ ಅದನ್ನು ಹಾಕಿದ್ದು ನಿನ್ನೆ, ಸೋಮವಾರ, ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಏಳು ಗಂಟೆಗೆ.

ಸುರೇಶನ ದನಿ ಕೇಳಿ ಹನ್ನೊಂದು ದಿನವಾಗಿತ್ತು. ಫೋಟೋ ಮಾತ್ರ ದಿನ ತಪ್ಪದೆ ಬರುತ್ತಿತ್ತು, ಆ ಫೋಟೋಗಳನ್ನೇ ತೋರಿಸಿ ಠಾಣೆಯವರು ಈ ತಾಯಿಯನ್ನು ಎರಡು ಸಲ ವಾಪಸ್ ಕಳಿಸಿದ್ದರು. "ಬೆಳಿಗ್ಗೆ ಮೀನು ತಿಂತಾ ಕೂತಿರೋನನ್ನ ಎಲ್ಲಿ ಅಂತ ಹುಡುಕೋದಮ್ಮ?" ಅಂದಿದ್ದರಂತೆ. ಫೋಟೋ ಬರುತ್ತಿರುವಷ್ಟು ದಿನ ಅವನನ್ನು ಯಾರೂ ಹುಡುಕುವುದಿಲ್ಲ. ನನ್ನ ಹೊಟ್ಟೆ ಉರಿಸುತ್ತಿದ್ದುದು ಅದೇ.

"ಯಾಕೆ ಸಾಧ್ಯ ಇಲ್ಲ?" ಅಂದೆ.

"ಪಕ್ಷ ಉಟ್ದಾಗಿಂದ ಎಡೆ ಇಕ್ಕೋಗಂಟ ನನ್ನ ಮಕ್ಳು ಮೀನು, ಬಾಡು ಮುಟ್ಟಾಕಿಲ್ಲ ಕಣಮ್ಮ. ಅವರಪ್ಪ ಓಗಿ ಏಳು ವರ್ಸ ಆಯ್ತು, ಒಂದು ವರ್ಸಾನೂ ತಪ್ಪಿಲ್ಲ. ನೆನ್ನೆ ನಾವು ಎಡೆ ಇಕ್ಕಿದ್ದೇ ಮದ್ಯಾನ. ಅದೆಂಗೆ ಬೆಳಗ್ಗೇನೇ ಮೀನು ತಿಂತಾನೆ?"

ಬಾಗಲಗುಂಟೆಯ ಹಳೆಯ ಊರಿನ ಮನೆತನ ಅವರದು. ತೀರಿಕೊಂಡವರಿಗೆ ಇಷ್ಟವಾದ ಅಡುಗೆಯನ್ನು ಎಲೆ ತುಂಬ ಬಡಿಸಿ, ಬಾಗಿಲು ಮುಂದೆ ಮಾಡಿ, ಅವರು ಬಂದು ಉಂಡು ಹೋಗಲಿ ಅಂತ ಹೊರಗೆ ಕಾಯುತ್ತಾರೆ. ಇಕ್ಕಬೇಕಾದವನು ಹಿರಿಯ ಮಗ. ಈ ಸಲ ಹಿರಿಯ ಮಗ ಬರಲಿಲ್ಲ, ಕಿರಿಯವನು ಶಿವರಾಮನೇ ಇಕ್ಕಿದ.

"ಎಲ್ಲಿದ್ರೂ ಬತ್ತಿದ್ದ ನನ್ನ ಮಗ," ಅಂದರು. "ಬರ್ಲಿಲ್ಲ ಅಂದ್ರೆ ಬರಾಕೆ ಆಗ್ದಂಗೆ ಏನೋ ಆಗೈತೆ."

ಕಾಫಿ ಲೋಟ ಮುಟ್ಟದೆ ಆರಿಹೋಯಿತು. ಆಕೆ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಮ್ಮ ಯಜಮಾನರು ಬದರೀನಾಥರು ಕನ್ನಡಕ ಏರಿಸಿ ಬಗ್ಗಿದರು. ಮುನಿನಾರಾಯಣಮ್ಮನ ಗಂಡ ಮತ್ತು ಇವರು ಒಂದೇ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರು, ಆಕೆ ನನ್ನ ಬಳಿ ಬಂದದ್ದು ಆ ನಂಟಿನಿಂದ. "ಹಾಗಾದ್ರೆ ಫೋಟೋ ಹಳೇದು ತುಂಗಾ," ಅಂದರು, ದೊಡ್ಡ ಸಂಶೋಧನೆ ಮಾಡಿದವರ ಹಾಗೆ.

"ಅದು ನಂಗೂ ಗೊತ್ತಾಯ್ತು ಕಣ್ರೀ. ಎಷ್ಟು ಹಳೇದು ಅನ್ನೋದು ಪ್ರಶ್ನೆ."

ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿದವಳು ನಾನು. ಸುಟ್ಟ ಅಂಗಡಿ, ಮುಳುಗಿದ ದೋಣಿ, ಸಾಯದೆ ಸತ್ತವರು, ಎಲ್ಲರ ಫೋಟೋ ನೋಡಿದ್ದೇನೆ. ಫೋಟೋದಲ್ಲಿ ಮನುಷ್ಯನ ಮುಖ ನೋಡಿದರೆ ಕೆಲಸ ಕೆಡುತ್ತದೆ, ಹಿಂದೆ ಏನಿದೆ ಅಂತ ನೋಡಬೇಕು.

ಹಿಂದೆ ಇದ್ದದ್ದು ಒಂದು ಬೆಡ್‌ಶೀಟ್.

ನೀಲಿ ಅಂಚಿನ ಬಿಳಿ ಬೆಡ್‌ಶೀಟ್, ಅಂಗಳದ ತಂತಿಯ ಮೇಲೆ. ಎಡಗಡೆಯ ಮೂಲೆ ಒಳಕ್ಕೆ ಮಡಚಿಕೊಂಡಿತ್ತು. ಎರಡು ಕೆಂಪು ಕ್ಲಿಪ್ಪು, ನಡುವೆ ಒಂದು ಹಸಿರು. ಮೊದಲ ಫೋಟೋದಲ್ಲಿ ಹಾಗೇ, ಎರಡರಲ್ಲಿ ಹಾಗೇ, ಹತ್ತರಲ್ಲೂ ಹಾಗೇ. ಹತ್ತು ದಿನದಿಂದ ಒಂದೇ ಬೆಡ್‌ಶೀಟ್ ಒಣಗಿಸುತ್ತಿರುವ ಗೆಸ್ಟ್‌ಹೌಸಿಗೆ ನಾನಂತೂ ಹೋಗುವವಳಲ್ಲ.

ಇನ್ನೊಂದು ಇತ್ತು. ಕುದ್ರು ಅಂದರೆ ಕರಾವಳಿಯವರ ಮಾತಿನಲ್ಲಿ ಹೊಳೆಯ ನಡುವಿನ ದ್ವೀಪ. ಸುರೇಶನ ಕುದ್ರು ಹೊಳೆ ಸಮುದ್ರ ಸೇರುವ ಜಾಗದಲ್ಲಿದೆ, ಆದ್ದರಿಂದ ಅಲ್ಲಿ ನೀರು ಏರಿ ಇಳಿಯುತ್ತದೆ. ಅಂಗಳದಿಂದ ನೀರಿಗೆ ಇಳಿಯಲು ಹನ್ನೆರಡು ಕಲ್ಲಿನ ಮೆಟ್ಟಿಲು. ಶನಿವಾರದ ಫೋಟೋದಲ್ಲಿ ಮೂರು ಮೆಟ್ಟಿಲು ಕಾಣುತ್ತಿದ್ದವು, ಭಾನುವಾರ ಒಂಬತ್ತು, ಸೋಮವಾರ ಐದು. ದಿನಾ ಬೆಳಿಗ್ಗೆ ಏಳಕ್ಕೆ ತೆಗೆದವಾಗಿದ್ದರೆ ಹೀಗೆ ಎಗರಾಡುವುದಿಲ್ಲ. ತಾರೀಖು ಮರೆತು ಮೆಟ್ಟಿಲ ಲೆಕ್ಕದಲ್ಲಿ ಜೋಡಿಸಿ ಇಟ್ಟೆ. ನೀರು ಒಂದೊಂದೇ ಮೆಟ್ಟಿಲು ಇಳಿದುಕೊಂಡು ಹೋಯಿತು.

"ಹತ್ತು ದಿನ ಅಲ್ಲ," ಅಂದೆ. "ಒಂದೇ ದಿನ. ಒಂದೇ ಮಧ್ಯಾಹ್ನ. ಹತ್ತು ಸಲ ಅಂಗಿ ಬದಲಾಯಿಸಿದಾನೆ."

ಮುನಿನಾರಾಯಣಮ್ಮ ನನ್ನ ಮುಖ ನೋಡಿದರು. "ಯಾವ ದಿನ?"

ಗೋಡೆ ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಏಳಕ್ಕೆ ಬರಬೇಕಾದ ಇವತ್ತಿನ ಫೋಟೋ ಇನ್ನೂ ಬಂದಿರಲಿಲ್ಲ.

*

ಯಾವ ದಿನ ಅಂತ ಹೇಳಬಲ್ಲವಳು ಮಹತಿ. ಸುರೇಶನ ಗೆಸ್ಟ್‌ಹೌಸಿನ ಫೋಟೋ ಕೆಲಸ ಅವಳದು ಅಂತ ಮುನಿನಾರಾಯಣಮ್ಮ ಹೇಳಿದ್ದರು. ಆರ್.ಟಿ. ನಗರದ ಒಂದು ಬೇಕರಿಯ ಮೇಲೆ ಅವಳ ಆಫೀಸು. ಹೋಟೆಲು, ರೆಸಾರ್ಟು, ಮದುವೆ ಮಂಟಪಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳನ್ನು ಚೆಂದಗಾಣಿಸುವುದು ಅವಳ ಕಸುಬು. ಮುನಿನಾರಾಯಣಮ್ಮನನ್ನು ಕಾರಿನಲ್ಲೇ ಕೂರಿಸಿ ನಾವಿಬ್ಬರೂ ಮೆಟ್ಟಿಲು ಹತ್ತಿದೆವು.

"ಅದನ್ನ ಫೋಟೋ ಸ್ಟಾಕ್ ಅಂತೀವಿ ಆಂಟಿ," ಅಂದಳು. ಆಂಟಿ ಅಂದದ್ದನ್ನು ಆ ಹೊತ್ತಿಗೆ ಕ್ಷಮಿಸಿದೆ. "ಗೌರಿಹಬ್ಬಕ್ಕೆ ಮುಂಚಿನ ಭಾನುವಾರ ನಾನೇ ಹೋಗಿ ತೆಗೆದಿದ್ದು. ಹತ್ತು ಶರ್ಟ್ ಇಟ್ಕೊಂಡಿರಿ ಸರ್ ಅಂದಿದ್ದೆ. ಮೋಡ ಇತ್ತಲ್ಲ, ಬೆಳಿಗ್ಗೆನೋ ಸಂಜೆನೋ ಗೊತ್ತೇ ಆಗಲ್ಲ. ಎಲ್ಲಾ ಪೇಜಿನವ್ರೂ ಹಿಂಗೇ ಮಾಡೋದು."

"ಎಲ್ಲರೂ 'ಇಂದು' ಅಂತ ಸುಳ್ಳು ಬರೀತಾರಾ?"

"ಬರೆಯೋದು ನಾನಲ್ಲ, ವನಿತಾ ಮೇಡಂ. ಅವ್ರಿಗೆ ಇದೆಲ್ಲ ಒಂದೇ ದಿನದ್ದು ಅಂತ ಗೊತ್ತೇ ಇಲ್ಲ. ಹೇಳ್ಬೇಡಿ ಅಂದಿದ್ರು ಸರ್. ಅವ್ಳು ಒಪ್ಪಲ್ಲ, ಹಳೇದನ್ನ ಹೊಸದು ಅಂತ ಹಾಕೋಕೆ ಬಿಡಲ್ಲ ಅಂತ. ಅದಕ್ಕೇ ಎಲ್ಲಾ ಸರ್ ಫೋನಿಗೇ ಹಾಕ್ಕೊಟ್ಟೆ. ದಿನಕ್ಕೊಂದು ಅವ್ರು ಮೇಡಂಗೆ ಕಳಿಸ್ತಾರೆ, ಮೇಡಂ ಸಾಲು ಬರೆದು ಹಾಕ್ತಾರೆ."

ವನಿತಾ ಸುರೇಶನ ಹೆಂಡತಿ. ಬಾಗಲಗುಂಟೆಯ ಮನೆಯಲ್ಲಿ ಕೂತು ಕುದ್ರು ಮನೆಯ ಬುಕಿಂಗ್ ನೋಡಿಕೊಳ್ಳುವವಳು.

"ಹತ್ತೇ ಫೋಟೋನಾ?"

"ಹತ್ತೇ. ಹತ್ತು ಮುಗಿದ ಮೇಲೆ ಮತ್ತೆ ಬರ್ತೀನಿ ಅಂದಿದ್ದೆ."

ಹತ್ತು ನಿನ್ನೆಗೆ ಮುಗಿದಿತ್ತು. ಕಳಿಸುವವನ ಬಳಿ ಇವತ್ತಿಗೆ ಏನೂ ಉಳಿದಿಲ್ಲ.

ಮಹತಿ ಹಳದಿ ಅಂಗಿಯ ಪ್ರಿಂಟನ್ನು ಎತ್ತಿ ಮೂತಿ ಸೊಟ್ಟ ಮಾಡಿದಳು. "ಇದನ್ನ ಕೊನೇಲಿ ಹಾಕಿದ್ದು ಮಾತ್ರ ತಪ್ಪು. ಇಡೀ ಶೂಟಲ್ಲಿ ಬೆಸ್ಟ್ ಇದೇ. ಮೊದಲು ಇದನ್ನೇ ಬಿಡಿ ಸರ್ ಅಂತ ಬಡ್ಕೊಂಡಿದ್ದೆ."

ಅಲ್ಲಿಯವರೆಗೂ ನಾನು ಅಂದುಕೊಂಡಿದ್ದು, ಕಳಿಸುತ್ತಿರುವವನಿಗೆ ಎಡೆಯ ಕಟ್ಟು ಗೊತ್ತಿಲ್ಲ, ಅದಕ್ಕೇ ಅಮಾವಾಸ್ಯೆಯ ದಿನ ಮೀನು ಕಳಿಸಿದ ಅಂತ. ತಪ್ಪು. ಗೊತ್ತಿಲ್ಲದವನಾಗಿದ್ದರೆ ಒಳ್ಳೆಯದನ್ನೇ ಮೊದಲು ಕಳಿಸುತ್ತಿದ್ದ. ಇವನು ಒಂಬತ್ತು ದಿನ ಮೀನಿನ ಫೋಟೋ ಪಕ್ಕಕ್ಕಿಟ್ಟು, ಬೇರೆಲ್ಲ ಖಾಲಿಯಾದ ಮೇಲೆ, ಬೇರೆ ದಾರಿಯಿಲ್ಲದೆ ಕಳಿಸಿದ್ದಾನೆ. ಪಕ್ಷದಲ್ಲಿ ಆ ಮನೆಯ ಗಂಡಸರು ಮೀನು ಮುಟ್ಟುವುದಿಲ್ಲ ಅಂತ ಚೆನ್ನಾಗಿ ಗೊತ್ತಿದ್ದವನು.

ಅಂದರೆ ಮನೆಯವರೇ.

"ಅಲ್ಲಿ ಅಡುಗೆ, ದೋಣಿ ನೋಡ್ಕೊಳ್ಳೋರ ನಂಬರ್ ಇದ್ಯಾ?" ಅಂದೆ. ಇತ್ತು. ಶೂಟಿಗೆ ಹೋದಾಗ ಇವಳನ್ನು ದಡದಿಂದ ಕರೆದುಕೊಂಡು ಹೋದವನು. ಬದರೀನಾಥರು ಅಲ್ಲೇ ಸ್ಪೀಕರಿಗೆ ಹಾಕಿದರು.

"ಸುರೇಶಣ್ಣನ? ಅವ್ರ್ ಇಲ್ಲ್ ಇಲ್ಲೆ ಮರಾಯ್ರೆ," ಅಂದ ದೋಣಿಯವನು. "ಊರಿಗ್ ಹೋಯಿ ಹನ್ನೊಂದ್ ದಿನ ಆಯ್ತ್. ಅಪ್ಪಯ್ಯಂದ್ ಎಂತದೋ ಕೆಲ್ಸ ಇತ್ತ್ ಅಂದಿರ್. ನಾನೇ ದಡಕ್ಕೆ ಬಿಟ್ಟದ್ದ್."

"ಮತ್ತೆ ಗೆಸ್ಟ್ ಬಂದ್ರೆ?"

"ಅವ್ರ್ ದಿನಾ ಮೆಸೇಜ್ ಮಾಡ್ತ್ರಲೆ, ಇಷ್ಟ್ ಜನ ಬತ್ರ್ ಅಂದ್ಕಂಡ್. ನಾನ್ ಮತ್ತ್ ನನ್ ಹೆಂಡ್ತಿ ನೋಡ್ಕಂತ್." ಆಮೇಲೆ ಕೇಳಿದ, "ಯಾಕೆ, ಮನೆಯಂಗ್ ಇಲ್ಯಾ ಅವ್ರ್?"

ಬದರೀನಾಥರು ಫೋನ್ ಇಟ್ಟುಬಿಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಹೆಂಡತಿಯ ಪಾಲಿಗೆ ಸುರೇಶ ದ್ವೀಪದಲ್ಲಿದ್ದಾನೆ. ದೋಣಿಯವನ ಪಾಲಿಗೆ ಅವನು ಮನೆಯಲ್ಲಿದ್ದಾನೆ. ನಡುವೆ ಅವನ ಫೋನನ್ನು ಹಿಡಿದುಕೊಂಡು ಯಾರೋ ಎರಡೂ ಕಡೆಗೆ ಉತ್ತರ ಕೊಡುತ್ತಿದ್ದಾರೆ. ಹನ್ನೊಂದು ದಿನ ಒಬ್ಬ ಮನುಷ್ಯ ಎಲ್ಲೂ ಇರಲಿಲ್ಲ, ಅದು ಯಾರಿಗೂ ಗೊತ್ತಾಗಿರಲಿಲ್ಲ.

*

ಯಶವಂತಪುರ ದಾಟಿ ತುಮಕೂರು ರಸ್ತೆಗೆ ಬಿದ್ದು, ದಾಸರಹಳ್ಳಿಯ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಬೆಂದು, ಬಾಗಲಗುಂಟೆ ಸೇರುವಾಗ ಹನ್ನೊಂದು. ದಾರಿಯುದ್ದಕ್ಕೂ ಮುನಿನಾರಾಯಣಮ್ಮ ಹಿಂದಿನ ಸೀಟಿನಲ್ಲಿ ಸೆರಗಿನ ತುದಿ ಹಿಂಡುತ್ತಾ ಕೂತಿದ್ದರು. ದೋಣಿಯವನು ಹೇಳಿದ್ದನ್ನು ಮುಚ್ಚಿಡಲು ನನಗೆ ಮನಸ್ಸು ಬರಲಿಲ್ಲ, ಹೇಳಿದೆ. "ಊರಿಗೆ ಅಂತ್ಲೇ ಒಂಟವ್ನೆ," ಅಂದರು. "ಎಡೆಗೆ ಅಂತ್ಲೇ ಒಂಟವ್ನೆ ನನ್ನ ಮಗ."

ವನಿತಾ ನಡುಮನೆಯ ದಿವಾನದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಸರಾ ರಜೆಯ ಬುಕಿಂಗುಗಳಿಗೆ ಉತ್ತರ ಬರೆಯುತ್ತಿದ್ದಳು. ಮೂವತ್ತೈದರ ಹೆಂಗಸು, ಎತ್ತಿ ಕಟ್ಟಿದ ಕೂದಲು, ಕಣ್ಣ ಕೆಳಗೆ ಕಪ್ಪು. ಅತ್ತೆಯ ಹಿಂದೆ ನಾವಿಬ್ಬರು ಅಪರಿಚಿತರು ಒಳಗೆ ಬಂದದ್ದು ಕಂಡು ಎದ್ದು ನಿಂತಳು.

"ಏನತ್ತೆ ಇದು? ಮನೆ ವಿಷಯಾನ ಬೀದೀಲಿ ಹಾಕ್ತಿದೀರಾ?"

"ಬೀದಿಯವಳಲ್ಲಮ್ಮ, ಯಲಹಂಕದವಳು," ಅಂದೆ. ನಗಿಸಲು ನೋಡಿದ್ದು, ಅವಳು ನಗಲಿಲ್ಲ. ನಾನು ಕೂತು ಹತ್ತು ಫೋಟೋ ದಿವಾನದ ಮೇಲೆ ಸಾಲಾಗಿ ಇಟ್ಟೆ. "ಇವೆಲ್ಲ ಯಾವತ್ತಿಂದು?"

"ಪೇಜಲ್ಲೇ ತಾರೀಖು ಇದ್ಯಲ್ಲ."

"ಬೆಡ್‌ಶೀಟ್ ನೋಡು."

ನೋಡಿದಳು. ಮೊದಲು ಸಿಡುಕಿನಿಂದ, ಆಮೇಲೆ ಬಗ್ಗಿ. ಮೂರನೆಯದಕ್ಕೆ ಬಂದಾಗ ಕೈ ನಿಂತಿತು. ನಟನೆ ಇದ್ದರೆ ನನಗೆ ಗೊತ್ತಾಗುತ್ತದೆ ಅಂತ ಜಂಬ ಕೊಚ್ಚಿಕೊಳ್ಳುವುದಿಲ್ಲ, ಎಷ್ಟೋ ಸಲ ಮೋಸ ಹೋಗಿದ್ದೇನೆ. ಆದ್ದರಿಂದ ಬಿಡದೆ ಕೇಳಿದೆ.

"ಹನ್ನೊಂದು ದಿನ ಗಂಡನ ದನಿ ಕೇಳದೆ ಹೇಗಿದ್ದೆ? ಒಂದು ಫೋನ್ ಮಾಡ್ಲಿಲ್ವಾ?"

"ಅಲ್ಲಿ ನೆಟ್‌ವರ್ಕ್ ಸರಿಯಾಗಿ..."

"ದಿನಾ ಫೋಟೋ ಬರೋವಷ್ಟು ನೆಟ್‌ವರ್ಕ್ ಇದೆ. ಮಾತಿಗಿಲ್ವಾ?"

ಅವಳು ಅತ್ತೆಯ ಕಡೆ ಒಮ್ಮೆ ನೋಡಿದಳು. "ಜಗಳ ಆಗಿತ್ತು," ಅಂದಳು.

"ಯಾವುದಕ್ಕೆ?"

"ಅಲ್ಲಿಗೇ ಬಾ, ಇಬ್ರೂ ಅಲ್ಲೇ ಇರೋಣ ಅಂತಿದ್ರು. ನಂಗೆ ನೀರು ಅಂದ್ರೆ ಭಯ ಮೇಡಂ. ಎರಡು ವರ್ಷದಿಂದ ಆ ಜಾಗ ನಡೆಸ್ತಿದೀವಿ, ಒಂದು ಸಲಾನೂ ದೋಣಿ ಹತ್ತಿಲ್ಲ ನಾನು. 'ನೀನೇ ಕಾಲಿಡದ ಜಾಗಕ್ಕೆ ಊರಿಗೆಲ್ಲ ಬನ್ನಿ ಬನ್ನಿ ಅಂತ ಬರೀತೀಯಲ್ಲ' ಅಂದ್ರು. ನಾನೂ ಏನೇನೋ ಅಂದೆ. ಆಮೇಲೆ ಮಾತಿಲ್ಲ, ಬುಕಿಂಗ್ ಮೆಸೇಜ್ ಅಷ್ಟೇ. ಫೋಟೋ ಬರ್ತಿತ್ತು. ನಗ್ತಾ ಇರೋ ಫೋಟೋ. ನಾನಿಲ್ದೆ ಆರಾಮಾಗಿದಾರೆ ಅಂತ ಹೊಟ್ಟೆ ಉರ್ಕೊಂಡು, ಅದಕ್ಕೇ ಚೆಂದದ ಸಾಲು ಬರೆದು ಹಾಕ್ತಿದ್ದೆ."

'ಅಲೆಗಳ ಜೋಗುಳದಲ್ಲಿ ಒಂದು ಸುಖನಿದ್ದೆ.' ಐದನೆಯ ಫೋಟೋದ ಕೆಳಗಿನ ಸಾಲು. ಪಾಪ, ಆ ರಾತ್ರಿಯೆಲ್ಲ ನಿದ್ದೆ ಬಾರದೆ ಬರೆದದ್ದಿರಬೇಕು. ಅವಳ ಮೇಲಿದ್ದ ನನ್ನ ಅನುಮಾನ ಅರ್ಧ ಇಳಿಯಿತು. ಅರ್ಧ ಮಾತ್ರ.

ದೋಣಿಯವನ ಮಾತು ಹೇಳಿದೆ. ಅವಳು ಕೂತುಕೊಂಡಳು. ಕೂರುವಾಗ ದಿವಾನ ಎಲ್ಲಿದೆ ಅಂತ ಕೈಯಲ್ಲಿ ತಡವಿ ನೋಡಿದಳು.

"ಅಂದ್ರೆ ನಂಗೆ ಉತ್ತರ ಕೊಡ್ತಿದ್ದಿದ್ದು ಯಾರು?"

ಅಷ್ಟು ಹೊತ್ತಿಗೆ ಅವಳ ಫೋನು ಟಿಣ್ ಅಂದಿತು.

ನಾಲ್ಕು ಜನರೂ ಅದರ ಕಡೆ ನೋಡಿದೆವು. ಅವಳು ಎತ್ತಿ ನೋಡಿದವಳೇ ಅತ್ತು ನಕ್ಕಳು. "ನೋಡಿ! ಇವತ್ತಿಂದು ಬಂತು! ಅವ್ರೇ! ಎಲ್ಲಾ ಸುಳ್ಳು ನಿಮ್ದು!"

ಫೋನು ನನ್ನ ಕೈಗೆ ಬಂತು. ನೀರಿನ ಅಂಚು. ಕಲ್ಲಿನ ಮೆಟ್ಟಿಲು. ಎಳೆ ಬಿಸಿಲು. ಬೂದು ಬಣ್ಣದ ಚೌಕುಳಿ ಅಂಗಿ ತೊಟ್ಟ ಗಂಡಸು ನಮಗೆ ಬೆನ್ನು ಹಾಕಿ, ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾನೆ. ಮುಖ ಇಲ್ಲ.

"ಈ ಅಂಗಿ ಅವರದೇ," ಅಂದಳು ವನಿತಾ. "ನಾನೇ ಕೊಡಿಸಿದ್ದು."

ಮಹತಿ ತೆಗೆದ ಹತ್ತರಲ್ಲಿ ಬೂದು ಚೌಕುಳಿ ಇರಲಿಲ್ಲ. ಅದಿರಲಿ, ನಾನು ಮೆಟ್ಟಿಲು ನೋಡಿದೆ. ಕುದ್ರುವಿನ ಮೆಟ್ಟಿಲಿನಲ್ಲಿ ನೀರು ಏರಿ ಇಳಿದ ಗೆರೆ ಕಪ್ಪಗೆ ಕಾಣುತ್ತದೆ, ಕಲ್ಲಿಗೆ ಚಿಪ್ಪು ಕಚ್ಚಿಕೊಂಡಿರುತ್ತದೆ. ಇಲ್ಲಿ ನೀರಿನ ತುದಿಯವರೆಗೂ ಕಲ್ಲು ಒಣಗಿ ಬೆಳ್ಳಗಿತ್ತು. ಏರದ ನೀರು, ಇಳಿಯದ ನೀರು.

ಬದರೀನಾಥರು ನನ್ನ ಹೆಗಲ ಮೇಲಿಂದ ಬಗ್ಗಿದರು. ಆ ಮನುಷ್ಯ ಮೂವತ್ತು ತಪ್ಪು ಮಾತು ಆಡಿ ಒಂದು ಸರಿಯಾದದ್ದು ಹೇಳುವವರು, ಆ ಒಂದು ಈಗ ಬಂತು. "ತುಂಗಾ, ನೀರ ಮೇಲೆ ತೇಲ್ತಿರೋ ಆ ಊದಿದ ದಂಟಿನ ಗಿಡ ನೋಡು. ನೇರಳೆ ಹೂವಿಂದು. ನಾನು ದಿನಾ ವಾಕಿಂಗಲ್ಲಿ ನೋಡ್ತೀನಿ. ಉಪ್ಪು ನೀರಲ್ಲಿ ಎಲ್ಲಿ ಬದುಕುತ್ತೆ ಅದು? ಇದು ಕೆರೆ. ನಮ್ಮ ಕಡೇ ಕೆರೆ."

ದ್ವೀಪಕ್ಕೆ ಕಾಲಿಡದ ಹೆಂಡತಿಗೆ ಯಾವ ನೀರಾದರೂ ಒಂದೇ. ಕಳಿಸಿದವನಿಗೂ ಅದು ಗೊತ್ತಿತ್ತು.

"ಇನ್ನೊಂದು," ಅಂದೆ. "ಬೆನ್ನ ಹಿಂದಿಂದ ತೆಗೆದ ಫೋಟೋ. ಅಂದ್ರೆ ಅಲ್ಲಿ ಇಬ್ರಿದ್ರು."

ಮುನಿನಾರಾಯಣಮ್ಮ ಕೈ ಚಾಚಿದರು. ಫೋನನ್ನು ಬಾಗಿಲ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದರು. ಓದು ಬರಹ ಬಾರದ ಹೆಂಗಸು, ಫೇಸ್‌ಬುಕ್ ಅಂದರೆ ಏನಂತ ತಿಳಿಯದವರು. ನನಗೆ ಮೂವತ್ತೊಂದು ವರ್ಷದಲ್ಲಿ ಬಾರದ ವಿದ್ಯೆ ಅವರಲ್ಲಿತ್ತು.

"ಎಡಗಡೆ ಎಗಲು ತಗ್ಗೈತೆ," ಅಂದರು. "ಬಸ್ಸಿನ ಗೇರು ಎಳ್ದು ಎಳ್ದು ಇಂಗಾಗೈತೆ. ಬೆನ್ನು ನನ್ನ ಮಗಂದೇ. ಆದ್ರೆ ಸುರೇಸಂದಲ್ಲ."

ಶಿವರಾಮ ಸೋಲದೇವನಹಳ್ಳಿಯ ಕಡೆ ಒಂದು ಕಾಲೇಜಿನ ಬಸ್ಸು ಓಡಿಸುತ್ತಾನೆ. ಇದೇ ಮನೆಯ ಮಹಡಿಯ ಮೇಲೆ ವಾಸ. ಹನ್ನೊಂದು ದಿನ ಅತ್ತಿಗೆಯ ಕೈಯಲ್ಲಿ ತಿಂಡಿ ತಿಂದು, ತಾಯಿಯನ್ನು ಠಾಣೆಗೆ ಬೈಕಿನಲ್ಲಿ ಕರೆದುಕೊಂಡು ಹೋಗಿ, ಹೊರಗೆ ನಿಂತು ಕಾಯ್ದವನು.

"ಶಿವೂನಾ?" ಅಂದಳು ವನಿತಾ. "ಇಲ್ಲ ಅತ್ತೆ. ಅವ್ನು ಯಾಕೆ..." ಅಲ್ಲಿಗೇ ನಿಲ್ಲಿಸಿದಳು. ಏನೋ ನೆನಪಾಗುತ್ತಿತ್ತು, ಅದು ಅವಳಿಗೆ ಬೇಡವಾಗಿತ್ತು.

"ಹೇಳಮ್ಮ," ಅಂದೆ.

"ನೆನ್ನೆ ಎಡೆ ಮುಗಿದ ಮೇಲೆ ಎಲೆ ಎತ್ತೋಕೆ ಒಳಗೆ ಹೋದೆ. ಎರಡು ಎಲೆ ಇತ್ತು."

"ಒಂದಲ್ವಾ ಇಕ್ಕೋದು?"

"ಮಾವ ಒಬ್ರಿಗೇ ನಾವಿಕ್ಕೋದು, ಒಂದೇ ಎಲೆ. ಅದರಲ್ಲಿ ಮುದ್ದೆ, ಬಾಡಿನ ಸಾರು, ಬೀಡಿ ಎಲ್ಲಾ ಇತ್ತು. ಇನ್ನೊಂದು ಎಲೆ ಪಕ್ಕದಲ್ಲಿ. ಅದಕ್ಕೆ ಮುದ್ದೆ ಇಟ್ಟಿರ್ಲಿಲ್ಲ. ಅನ್ನ, ಹೀರೇಕಾಯಿ ಬಜ್ಜಿ, ಒಂದು ಲೋಟ ಮಜ್ಜಿಗೆ. ಯಾರಿಗೆ ಶಿವೂ ಅಂದೆ. ಮಾತಾಡ್ದೆ ಎಲೆ ಮಡಚಿ ತಾನೇ ಮಾಳಿಗೆಗೆ ತಗೊಂಡು ಹೋದ."

ಮುದ್ದೆ ಬೇಡ ಅನ್ನುವವನು, ಹೀರೇಕಾಯಿ ಬಜ್ಜಿ ಅಂದರೆ ಜೀವ ಬಿಡುವವನು ಆ ಮನೆಯಲ್ಲಿ ಯಾರು ಅಂತ ನಾನು ಕೇಳಬೇಕಾಗಲಿಲ್ಲ. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವನಿತಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಸತ್ತವರಿಗೆ ಇಕ್ಕುವ ಎಲೆ ಅದು. ಸುರೇಶನಿಗೆ ಎಡೆ ಇಕ್ಕಿದವನಿಗೆ ಸುರೇಶ ಇಲ್ಲ ಅಂತ ಗೊತ್ತಿರಬೇಕು. ಮೊದಲೇ ಗೊತ್ತಿದ್ದು, ಫೋಟೋ ಕಳಿಸುತ್ತಾ ಕೂತಿದ್ದನೆಂದರೆ ಹೇಗೆ ಗೊತ್ತು, ಯಾಕೆ ಗೊತ್ತು?

ಗೇಟು ಕಿರುಗುಟ್ಟಿತು. ಬೈಕಿನ ಸ್ಟ್ಯಾಂಡು ಹಾಕಿದ ಸದ್ದು.

ಶಿವರಾಮ ಒಳಗೆ ಬಂದ. ಖಾಕಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಕವರು. ಕವರಿನ ಬಾಯಲ್ಲಿ ಬೂದು ಚೌಕುಳಿ ಬಟ್ಟೆಯ ಮೂಲೆ ಇಣುಕುತ್ತಿತ್ತು. ದಿವಾನದ ಮೇಲಿನ ಫೋಟೋಗಳ ಸಾಲು ನೋಡಿದ. ನನ್ನನ್ನು ನೋಡಿದ. ಬದರೀನಾಥರು ಸದ್ದಿಲ್ಲದೆ ಹೋಗಿ ಬಾಗಿಲಲ್ಲಿ ನಿಂತರು. ಅರವತ್ತನಾಲ್ಕರ ಮನುಷ್ಯ, ಅವನು ನೂಕಿದ್ದರೆ ಬೀಳುತ್ತಿದ್ದರು. ಅವನು ನೂಕಲಿಲ್ಲ, ಓಡಲೂ ಇಲ್ಲ.

"ಶಿವ," ಅಂದರು ತಾಯಿ. "ನೆನ್ನೆ ಎರಡನೇ ಎಲೆ ಯಾರಿಗೆ ಇಕ್ಕಿದ್ದೆ?"

ಅವನು ಕವರನ್ನು ಕೆಳಗಿಟ್ಟ.

"ಅಣ್ಣಂಗೆ."

ವನಿತಾ ಎದ್ದವಳೇ ಅವನ ಕೆನ್ನೆಗೆ ಬಾರಿಸಿದಳು. ಅವನು ತಡೆಯಲಿಲ್ಲ. "ಏನ್ ಮಾಡ್ದೆ? ಏನ್ ಮಾಡ್ದೆ ಅವ್ರನ್ನ?"

"ನಾನೇನೂ ಮಾಡಿಲ್ಲ ಅತ್ಗೆ. ಬದುಕಿದಾನೆ."

ವನಿತಾಳ ಎತ್ತಿದ ಕೈ ಕೆಳಗಿಳಿಯಿತು.

"ಎಲ್ಲಿ?" ಅಂದೆ.

"ಅದನ್ನ ಕೇಳ್ಬೇಡಿ. ಯಾರೂ ಹುಡುಕ್ಬಾರ್ದು ಅಂತ ಫೋಟೋ ಕಳಿಸೋಕೆ ಹೇಳಿದ್ದೂ ಅವನೇ. ಇವತ್ತು ಬೆಳಿಗ್ಗೆ ಆ ಫೋಟೋ ತೆಗೆದವನು ಅವನೇ. ನೆನ್ನೆ ಬೆಳಿಗ್ಗೆ ಎಡೆಗೆ ಮುಂಚೆ ಹೋದಾಗ ಕಾಲು ಹಿಡ್ಕೊಂಡ. ಅಪ್ಪನ ಪಕ್ಕ ನಂಗೂ ಒಂದು ಎಲೆ ಹಾಕು ಅಂದ. ಹಾಕಲ್ಲ ಅಂದೆ, ಬಿಡ್ಲಿಲ್ಲ."

ವನಿತಾ ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದಳು, ಅಳುತ್ತಿದ್ದಳು, ಅದರಲ್ಲಿ ಅರ್ಧ ಸಂತೋಷವೇ ಇತ್ತು. ನನಗೂ ಎದೆಯ ಭಾರ ಇಳಿದ ಹಾಗಾಯಿತು. ಹುಡುಕುತ್ತಿದ್ದವನು ಬದುಕಿದ್ದಾನೆ, ಇದೇ ಊರಲ್ಲಿದ್ದಾನೆ. ತಾಯಿಯ ಕಡೆ ತಿರುಗಿದೆ, ಕೈ ಹಿಡಿದುಕೊಳ್ಳೋಣ ಅಂತ.

ಮುನಿನಾರಾಯಣಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಷ್ಟು ಹೊತ್ತು ಅಳದೆ ಇದ್ದ ಆಕೆಯ ಕಣ್ಣಿಂದ ಈಗ ನೀರು ಇಳಿಯುತ್ತಿತ್ತು.

"ಏನೋ ಮಾಡ್ದೆ, ಪಾಪಿ," ಅಂದರು. "ಎಡೆ ಇಕ್ಕಿದ್ಮೇಲೆ ಅವ್ನು ಸತ್ತಂಗೇ, ಈ ಒಸ್ಲು ದಾಟೋ ಅಂಗಿಲ್ಲ ಕಣೋ. ನಾನು ಸಾಯೋಗಂಟ ಅವ್ನು ಮನೆ ಒಳಗೆ ಬರೋ ಅಂಗಿಲ್ಲ."

ಶಿವರಾಮ ತಲೆ ಎತ್ತಲಿಲ್ಲ.

"ವಾಪಸ್ ಬರಬಾರದು ಅಂತ ಅಣ್ಣ ಅದಕ್ಕೇ ಇಕ್ಕಿಸಿದ್ದು, ಅಮ್ಮ."